ನಿಮ್ಮ ಪುಸ್ತಕ ನೀವೇ ಮಾರೋದು: ಸಮ್ಮೇಳನ, ಮೇಳ, ನಾಟಕದ ಹೊರಗೆ ಟೇಬಲ್ ಹಾಕೋರಿಗೆ

ಪುಸ್ತಕ ಪ್ರಿಂಟ್ ಆಗಿ ಮನೆಗೆ ಬಂದ ದಿನ ತುಂಬಾ ಖುಷಿ ಇರತ್ತೆ. ಬಿಡುಗಡೆ ಕಾರ್ಯಕ್ರಮ ಮುಗಿದು, ನೆಂಟರು ಸ್ನೇಹಿತರೆಲ್ಲ ಒಂದೊಂದು ಕಾಪಿ ತಗೊಂಡು ಹೋಗಿ, ಒಂದು ವಾರ ಆದ್ಮೇಲೆ ನೋಡಿದ್ರೆ ನಡುಮನೆ ಗೋಡೆಗೆ ಒರಗಿಸಿಟ್ಟ ಬಂಡಲ್‌ಗಳು ಹಾಗೇ ಇರ್ತವೆ, ಆಗ ಇದನ್ನ ಓದೋರ ಕೈಗೆ ಮುಟ್ಟಿಸೋದು ಹೇಗೆ ಅನ್ನೋ ಚಿಂತೆ ಶುರುವಾಗತ್ತೆ. ನಾನು ಸಾಗರದ ಕಡೆಯವನು, ಸ್ವಂತ ದುಡ್ಡು ಹಾಕಿ ಎರಡು ಪುಸ್ತಕ ತಂದಿದೀನಿ, ಒಂದು ಕಥಾ ಸಂಕಲನ, ಇನ್ನೊಂದು ನಮ್ಮ ಕಡೆ ಸೊಪ್ಪು ತಂಬುಳಿಗಳ ಬಗ್ಗೆ (ತಂಬುಳಿ ಅಂದ್ರೆ ಸೊಪ್ಪು ಕಾಯಿತುರಿ ರುಬ್ಬಿ ಮಜ್ಜಿಗೆ ಸೇರಿಸಿ ಮಾಡೋ ಅಡುಗೆ). ಎರಡನ್ನೂ ಬಹುಪಾಲು ನಾನೇ ಟೇಬಲ್ ಹಾಕ್ಕೊಂಡು ನಿಂತು ಮಾರಿದ್ದು. ನಾಲ್ಕು ವರ್ಷದಲ್ಲಿ ಏನು ಕಲಿತೆ, ಯಾವ ಕ್ರಮದಲ್ಲಿ ಮಾಡಿದ್ರೆ ಸುಲಭ ಅಂತ ಇಲ್ಲಿ ಬರೀತಿದೀನಿ, ಯಾಕಂದ್ರೆ ನಾನು ಶುರು ಮಾಡಿದಾಗ ಇದನ್ನ ಹೇಳಿಕೊಡೋರು ಯಾರೂ ಇರ್ಲಿಲ್ಲ.

ಇದೊಂದು ಸಣ್ಣತನ ಅಂತ ಅಂದ್ಕೊಂಡಿರೋರು ಇದಾರೆ, ಬರೆದೋನೇ ಮಾರೋಕೆ ನಿಲ್ಲೋದಾ ಅಂತ ಮುಖದ ಮೇಲೆ ಕೇಳಿದೋರೂ ಇದಾರೆ. ಆದ್ರೆ ಕಾದಂಬರಿಕಾರ ಗಳಗನಾಥರು ತಮ್ಮ ಕಾದಂಬರಿಗಳನ್ನ ತಾವೇ ಹೊತ್ಕೊಂಡು ಊರೂರು ತಿರುಗಿ ಮಾರಿದೋರು, 1942ರಲ್ಲಿ ತೀರ್ಕೊಂಡ್ರು, ಆ ಕಾಲಕ್ಕೆ ಕನ್ನಡ ಓದೋರನ್ನ ಮನೆ ಬಾಗಿಲಿಗೆ ಹೋಗಿ ಹುಡುಕಿದ್ದು ಅವರು. ಹಾಗಾಗಿ ನಮ್ಮಲ್ಲಿ ಇದು ಹೊಸಾದಲ್ಲ, ನಾಚಿಕೆ ಪಡೋ ಕೆಲಸ ಅಂತೂ ಅಲ್ವೇ ಅಲ್ಲ.

ಪ್ರಿಂಟ್‌ಗೆ ಕೊಡೋ ಮುಂಚೆ

ಮಾರೋ ಕೆಲಸ ಶುರುವಾಗೋದು ಪ್ರೆಸ್ಸಿಂದಾನೇ. ಎಷ್ಟು ಪ್ರತಿ ಹಾಕಿಸ್ಬೇಕು ಅನ್ನೋದು ಮೊದಲ ಪ್ರಶ್ನೆ. 1000 ಹಾಕಿಸಿದ್ರೆ ಒಂದೊಂದರ ಖರ್ಚು ಕಡಿಮೆ ಬೀಳತ್ತೆ ಅಂತ ಪ್ರೆಸ್‌ನೋರು ಹೇಳ್ತಾರೆ, ಅದು ನಿಜಾನೇ, ಆದ್ರೆ ಮಾರಾಟ ಆಗದೆ ಉಳಿದಿದ್ದಕ್ಕೂ ದುಡ್ಡು ಕೊಟ್ಟಿರ್ತೀವಲ್ಲ. ಮೊದಲನೇ ಪುಸ್ತಕ ಆದ್ರೆ 300, ಜಾಸ್ತಿ ಅಂದ್ರೆ 500 ಸಾಕು. 300ರ ತನಕ ಡಿಜಿಟಲ್ ಪ್ರಿಂಟ್ ಆಗತ್ತೆ, 500 ದಾಟಿದ್ರೆ ಆಫ್‌ಸೆಟ್ ಲೆಕ್ಕ ಕೇಳಿ, ಎರಡೂ ಕಡೆ ಕೊಟೇಶನ್ ತಗೊಳ್ಳಿ. ಡೆಮಿ 1/8 (ಸಾಮಾನ್ಯ ಕಥೆ ಕಾದಂಬರಿ ಪುಸ್ತಕದ ಅಳತೆ) ಸೈಜಲ್ಲಿ ಒಂದು ಫಾರಂ, ಅಂದ್ರೆ ಒಟ್ಟಿಗೆ ಅಚ್ಚಾಗೋ ಒಂದು ಕಟ್ಟು, 16 ಪುಟ, ಹಾಗಾಗಿ ನಿಮ್ಮ ಪುಟ 130 ಬಂದ್ರೆ ಎರಡು ಪುಟ ಎಲ್ಲಾದ್ರೂ ಹಿಡಿಸಿ 128ಕ್ಕೆ ತನ್ನಿ, ಇಲ್ಲಾಂದ್ರೆ ಎರಡು ಪುಟದ ಸಲುವಾಗಿ ಇನ್ನೊಂದು ಫಾರಂ ದುಡ್ಡು ಹೋಗತ್ತೆ. ನನ್ನ ತಂಬುಳಿ ಪುಸ್ತಕ 128 ಪುಟ, 500 ಪ್ರತಿ, ಡಿಟಿಪಿ (ಕಂಪ್ಯೂಟರಲ್ಲಿ ಅಕ್ಷರ ಜೋಡಿಸೋದು), ಮುಖಪುಟ ಎಲ್ಲ ಸೇರಿ 32,000 ಆಯ್ತು, ಅಂದ್ರೆ ಒಂದಕ್ಕೆ 64 ರೂಪಾಯಿ. ಈ 64ನ್ನ ನೆನಪಿಟ್ಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕಾಗತ್ತೆ.

ಬೆಲೆ ಇಡುವಾಗ ಚಿಲ್ಲರೆ ಯೋಚನೆ ಮಾಡಿ. 145, 165 ಅಂತೆಲ್ಲ ಇಟ್ರೆ ಟೇಬಲ್ ಹತ್ರ ಒದ್ದಾಟ. 100, 150, 200 ಇವು ಒಳ್ಳೇ ಬೆಲೆ. ನಂದು 150.

ಐಎಸ್‌ಬಿಎನ್ ಅಂದ್ರೆ ಪ್ರತೀ ಪುಸ್ತಕಕ್ಕೂ ಕೊಡೋ ಗುರುತಿನ ನಂಬರ್, ಅದರ ಬಗ್ಗೆ ಒಂದು ಮಾತು ಜೋರಾಗಿ ಹೇಳ್ಬೇಕು. ಅದು ಫ್ರೀ. ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಕೊಡೋದು, ಶಿಕ್ಷಣ ಸಚಿವಾಲಯದ ಕೆಳಗೆ ಬರತ್ತೆ, ಲೇಖಕರೇ ತಮ್ಮ ಹೆಸರಲ್ಲಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಇದಕ್ಕೆ ಎರಡು ಸಾವಿರ ಮೂರು ಸಾವಿರ ಕೇಳೋರು ಇದಾರೆ, ನನ್ನ ಹತ್ರಾನೂ ಒಬ್ರು ಮೊದಲ ಪುಸ್ತಕಕ್ಕೆ ತಗೊಂಡ್ರು, ಅದು ಗೊತ್ತಿಲ್ಲದೇ ಹೋದ ದುಡ್ಡು, ನೀವು ಕೊಡಬೇಡಿ. ನಂಬರ್ ಬರೋಕೆ ಟೈಮ್ ಹಿಡಿಯತ್ತೆ, ಹಾಗಾಗಿ ಬಿಡುಗಡೆ ದಿನಾಂಕ ಗೊತ್ತು ಮಾಡೋಕೂ ಮುಂಚೆನೇ ಅರ್ಜಿ ಹಾಕ್ಬಿಡಿ.

ಮತ್ತೆ ಚೊಚ್ಚಲ ಪುಸ್ತಕ ಆದ್ರೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಕೃತಿಗೆ ಪ್ರೋತ್ಸಾಹಧನ ಕೊಡತ್ತೆ, ಅದಕ್ಕೆ ಹಸ್ತಪ್ರತಿ ಇರುವಾಗಲೇ ಅರ್ಜಿ ಹಾಕ್ಬೇಕು, ಪ್ರಿಂಟ್ ಆದ್ಮೇಲೆ ನೆನಪಾದ್ರೆ ಪ್ರಯೋಜನ ಇಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಅರ್ಜಿ ಹಾಕಿ, ಆದ್ರೆ ಅದನ್ನ ನಂಬಿ ಜಾಸ್ತಿ ಪ್ರತಿ ಹಾಕಿಸಬೇಡಿ, ಆಯ್ಕೆ ಆಗಿ ದುಡ್ಡು ಬರೋದು ಯಾವಾಗ ಅಂತ ಯಾರೂ ಹೇಳೋಕಾಗಲ್ಲ.

ಮುಖಪುಟದ ಬಗ್ಗೆ ಒಂದೇ ಮಾತು, ಪುಸ್ತಕದ ಹೆಸರು ಆರು ಅಡಿ ದೂರದಿಂದ ಕಾಣ್ಬೇಕು. ಕಂಪ್ಯೂಟರ್ ಸ್ಕ್ರೀನ್ ಮೇಲೆ ಚೆನ್ನಾಗಿ ಕಂಡಿದ್ದು ಟೇಬಲ್ ಮೇಲೆ ಕಾಣದೇ ಹೋಗಬಹುದು. ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ ದೂರ ನಿಂತು ನೋಡಿ. ಹಿಂಬದಿ ರಕ್ಷಾಪುಟದಲ್ಲಿ ದೊಡ್ಡೋರ ಮೆಚ್ಚುಗೆ ಮಾತು ಹಾಕೋ ಬದಲು ಒಳಗಿನ ಒಂದು ಒಳ್ಳೇ ಪ್ಯಾರಾ ಹಾಕಿ. ಜನ ಪುಸ್ತಕ ಎತ್ತಿದ ತಕ್ಷಣ ಹಿಂದೆ ತಿರುಗಿಸ್ತಾರೆ, ಅಲ್ಲಿ ನಿಮ್ಮ ಬರವಣಿಗೆ ಸಿಗ್ಬೇಕು.

ಎಲ್ಲಿಗೆ ಹೋಗ್ಬೇಕು

ಹೊಸಬರು ಮೊದಲು ಯೋಚಿಸೋದು ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. 87ನೇದು ಮಂಡ್ಯದಲ್ಲಿ 2024ರ ಡಿಸೆಂಬರ್ 20ರಿಂದ 22ರವರೆಗೆ ನಡೀತು, ಅದಕ್ಕೆ ಮುಂಚಿಂದು 2023ರ ಜನವರೀಲಿ ಹಾವೇರೀಲಿ. ಜನ ಅಂದ್ರೆ ಜನ, ಪುಸ್ತಕ ಮಳಿಗೆ ಸಾಲು ಮುಗಿಯೋದೇ ಇಲ್ಲ. ಆದ್ರೆ ಅಲ್ಲಿ ದೊಡ್ಡ ಪ್ರಕಾಶನದ ಮಳಿಗೇಲಿ ಸಾವಿರ ಪುಸ್ತಕ ಜೋಡಿಸಿಟ್ಟಿರ್ತಾರೆ, ಅದರ ಮಧ್ಯ ಒಂದೇ ಪುಸ್ತಕ ಇಟ್ಕೊಂಡು ಕೂತ್ರೆ ಕಣ್ಣಿಗೆ ಬೀಳೋದು ಕಷ್ಟ, ಬಾಡಿಗೇನೂ ಇರತ್ತೆ, ಮೂರು ದಿನ ಉಳಿಯೋ ಖರ್ಚು ಬೇರೆ. ಹೋಗಲೇಬೇಕು ಅಂದ್ರೆ ಮೂರು ನಾಲ್ಕು ಜನ ಲೇಖಕರು ಸೇರಿ ಒಂದು ಮಳಿಗೆ ಹಿಡೀರಿ. ಬಾಡಿಗೆ ಹಂಚ್ಕೋಬಹುದು, ಒಬ್ರು ಊಟಕ್ಕೆ ಹೋದ್ರೆ ಇನ್ನೊಬ್ರು ನೋಡ್ಕೋತಾರೆ, ಮತ್ತೆ ಟೇಬಲ್ ಮೇಲೆ ಹತ್ತು ಹನ್ನೆರಡು ಬೇರೆ ಬೇರೆ ಪುಸ್ತಕ ಇದ್ರೆ ಜನ ನಿಲ್ತಾರೆ. ಬೆಂಗಳೂರಲ್ಲೂ ಈಗ ಪುಸ್ತಕಕ್ಕೆ ಅಂತಾನೇ ಜನ ಬರೋ ಕಾರ್ಯಕ್ರಮ ಜಾಸ್ತಿ ಆಗಿದೆ, 2025ರ ಫೆಬ್ರವರಿ ಕೊನೇಲಿ ವಿಧಾನಸೌಧದ ಆವರಣದಲ್ಲೇ ಪುಸ್ತಕ ಮೇಳ ಆಯ್ತು.

ಆದ್ರೆ ನನ್ನ ಅನುಭವದಲ್ಲಿ ಪುಸ್ತಕ ಚೆನ್ನಾಗಿ ಹೋಗೋದು ಆ ಪುಸ್ತಕದ ವಿಷಯ ಎಲ್ಲಿ ಬದುಕಿದೆಯೋ ಅಲ್ಲಿ. ಇದು ನಾನು ಹೇಳ್ಬೇಕು ಅಂದ್ಕೊಂಡಿರೋ ಮುಖ್ಯ ಮಾತು. ತಂಬುಳಿ ಪುಸ್ತಕ ಸಾಹಿತ್ಯ ಸಮ್ಮೇಳನಕ್ಕಿಂತ ಹಲಸಿನ ಮೇಳದಲ್ಲಿ ಜಾಸ್ತಿ ಹೋಯ್ತು, ಯಾಕಂದ್ರೆ ಅಲ್ಲಿಗೆ ಬರೋರು ಸೊಪ್ಪು, ಗೆಡ್ಡೆ, ಕಾಯಿ ಇದರ ಬಗ್ಗೆ ಆಸೆ ಇಟ್ಕೊಂಡೇ ಬಂದಿರ್ತಾರೆ. ಹಾಗೇ ಜೋಯಿಡಾದ ಗೆಡ್ಡೆಗೆಣಸು ಮೇಳ, ಧಾರವಾಡದ ಕೃಷಿ ಮೇಳ, ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯದ ಆವರಣ) ಕೃಷಿ ಮೇಳ, ನಮ್ಮ ಕಡೆ ಸಾವಯವ ಸಂತೆಗಳು. ಕಥೆ ಪುಸ್ತಕ ಇಲ್ಲೆಲ್ಲ ಮುಟ್ಟೋರೇ ಇಲ್ಲ, ಅದು ಹೋಗಿದ್ದು ನಾಟಕದ ಹೊರಗೆ, ಗೋಷ್ಠಿ ಮುಗಿದ ಮೇಲೆ, ಕಾಲೇಜಿನ ಕನ್ನಡ ಸಂಘದ ಕಾರ್ಯಕ್ರಮದಲ್ಲಿ. ನೀವು ಕ್ರಿಕೆಟ್ ಬಗ್ಗೆ ಬರೆದಿದ್ರೆ ಟೂರ್ನಮೆಂಟ್ ಹತ್ರ ಹೋಗಿ, ಯಕ್ಷಗಾನದ ಬಗ್ಗೆ ಬರೆದಿದ್ರೆ ಆಟ ನಡೆಯೋ ಬಯಲಿಗೆ ಹೋಗಿ, ಮಳೆಗಾಲದಲ್ಲಿ ಆಟ ಇರಲ್ಲ ಅಂದ್ರೆ ತಾಳಮದ್ದಲೆ (ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ) ಇರತ್ತೆ, ಅಲ್ಲಿಗೆ ಬರೋರು ಮಾತು ಕೇಳೋಕೆ ಅಂತಾನೇ ಬರೋರು, ಓದೋರು. ನಿಮ್ಮ ಊರಿನ ಇತಿಹಾಸ ಬರೆದಿದ್ರೆ ಆ ಊರಿನ ಹೈಸ್ಕೂಲು ಹಳೇ ವಿದ್ಯಾರ್ಥಿಗಳ ಸಮಾವೇಶ ಬಿಡಲೇಬೇಡಿ.

ನವೆಂಬರ್ ಪೂರ್ತಿ ರಾಜ್ಯೋತ್ಸವ ಇರತ್ತೆ, ಬೆಂಗಳೂರಿನ ಅಪಾರ್ಟ್‌ಮೆಂಟ್ ಕನ್ನಡ ಸಂಘದೋರು ಟೇಬಲ್‌ಗೆ ಜಾಗ ಕೊಡ್ತಾರೆ, ದುಡ್ಡೂ ತಗೊಳ್ಳಲ್ಲ ಬಹಳ ಕಡೆ. ತಾಲೂಕು ಮಟ್ಟದ ಸಾಹಿತ್ಯ ಸಮ್ಮೇಳನಗಳನ್ನ ಯಾರೂ ಲೆಕ್ಕಕ್ಕೆ ಇಟ್ಕೊಳ್ಳಲ್ಲ, ನಾನು ಅಲ್ಲೇ ಜಾಸ್ತಿ ಮಾರಿರೋದು. ಮೇಷ್ಟ್ರುಗಳು ಬಂದಿರ್ತಾರೆ, ಶಾಲೆ ಲೈಬ್ರರಿಗೆ ಅಂತ ತಗೋತಾರೆ, ಲೇಖಕರು ನಮ್ಮ ಕಡೆಯೋರು ಅಂತ ಗೊತ್ತಾದ್ರೆ ಪ್ರೀತಿಯಿಂದ ಮಾತಾಡಿಸ್ತಾರೆ.

ದೊಡ್ಡ ಜಾತ್ರೆ ವಿಷಯ ಬೇರೆ. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ನಮ್ಮ ಸಾಗರದ್ದು ಮೂರು ವರ್ಷಕ್ಕೊಮ್ಮೆ. ಅಲ್ಲಿ ಅಂಗಡಿ ಜಾಗಕ್ಕೆ ದೊಡ್ಡ ದುಡ್ಡು, ಒಬ್ಬ ಲೇಖಕನಿಗೆ ಆಗದ ಮಾತು. ಗೊತ್ತಿರೋ ಪುಸ್ತಕದ ಅಂಗಡಿಯೋರೋ ಸಾವಯವದೋರೋ ಜಾಗ ಹಿಡಿದಿದ್ರೆ ಒಂದು ಮೂಲೇಲಿ ಇಟ್ಕೊಳ್ಳೋಕೆ ಕೇಳಿ, ಅಷ್ಟೇ.

ಆಯೋಜಕರ ಹತ್ರ ಮಾತು

ಕನಿಷ್ಠ 20 ದಿನ ಮುಂಚೆ ಫೋನ್ ಮಾಡಿ. ಏನೇನು ಕೇಳ್ಬೇಕು ಅಂದ್ರೆ, ಟೇಬಲ್ ಕುರ್ಚಿ ಅವ್ರೇ ಕೊಡ್ತಾರಾ, ಮೇಲೆ ಶಾಮಿಯಾನ ಇರತ್ತಾ, ಬಾಡಿಗೆ ಎಷ್ಟು, ಮತ್ತೆ ಮುಖ್ಯವಾಗಿ ಜಾಗ ಎಲ್ಲಿ. ಈ ಜಾಗದ ವಿಷಯದಲ್ಲಿ ನನಗೆ ಒಂದ್ಸಲ ಪೆಟ್ಟು ಬಿದ್ದಿದೆ. ಒಂದು ತಾಲೂಕಿನ ಕಾರ್ಯಕ್ರಮದಲ್ಲಿ ಸಭಾಂಗಣದ ಬಾಗಿಲ ಹತ್ರ ಅಂತ ಹೇಳಿದ್ರು, ಬೆಳಿಗ್ಗೆ ಹೋಗಿ ನೋಡಿದ್ರೆ ಅಡುಗೆ ಮನೆ ಹಿಂದೆ ಪಾತ್ರೆ ತೊಳೆಯೋ ಜಾಗದ ಪಕ್ಕ ಹಾಕಿದ್ರು, ಮಧ್ಯಾಹ್ನ ಮಳೆ ಬಂತು, ಶಾಮಿಯಾನದ ಹೊಲಿಗೆಯಿಂದ ನೀರು ಸೋರಿ 22 ಪುಸ್ತಕ ಒದ್ದೆ ಆದ್ವು. ಒಣಗಿಸಿದ್ರೂ ಪುಟ ಸುಕ್ಕಾಗಿ ಉಬ್ಬಿಕೊಂಡವು, ಮಾರೋಕೆ ಬರ್ಲಿಲ್ಲ, 64ರ ಲೆಕ್ಕದಲ್ಲಿ 1408 ರೂಪಾಯಿ ಅವತ್ತೇ ಹೋಯ್ತು. ಆವಾಗಿಂದ ನಾನು ಹಿಂದಿನ ದಿನ ಸಂಜೆ ಒಂದ್ಸಲ ಜಾಗ ನೋಡ್ಕೊಂಡು ಬರ್ತೀನಿ, ದೂರದ ಊರಾದ್ರೆ ವಾಟ್ಸಾಪಲ್ಲಿ ಫೋಟೋ ಕಳಿಸೋಕೆ ಹೇಳ್ತೀನಿ, ಕೇಳೋಕೆ ಸಂಕೋಚ ಬೇಡ. ಮತ್ತೆ ಟಾರ್ಪಾಲ್ ಒಂದು ಯಾವಾಗ್ಲೂ ಚೀಲದಲ್ಲಿ ಇರತ್ತೆ, ಏಪ್ರಿಲ್ ತಿಂಗಳಾದ್ರೂ ಸರಿ.

ಜಾಗ ಆರಿಸ್ಕೊಳ್ಳೋ ಅವಕಾಶ ಇದ್ರೆ ಜನ ಒಳಗೆ ಹೋಗೋ ದಾರಿಗಿಂತ ಹೊರಗೆ ಬರೋ ದಾರೀಲಿ ತಗೊಳ್ಳಿ. ಒಳಗೆ ಹೋಗುವಾಗ ಕಾರ್ಯಕ್ರಮ ಶುರುವಾಗ್ಬಿಡತ್ತೆ ಅನ್ನೋ ಗಡಿಬಿಡಿ, ನಿಲ್ಲಲ್ಲ. ಊಟದ ಸಾಲು ಪಕ್ಕದಲ್ಲಿ ಇದ್ರೆ ತುಂಬ ಒಳ್ಳೇದು, ಊಟದ ಜಾಗದ ಒಳಗಲ್ಲ, ಸಾಲಿನ ಪಕ್ಕ, ಅಲ್ಲಿ ಜನ ಇಪ್ಪತ್ತು ನಿಮಿಷ ಸುಮ್ನೆ ನಿಂತಿರ್ತಾರೆ.

ಚೀಲದಲ್ಲಿ ಏನಿರ್ಬೇಕು

128 ಪುಟದ ಪುಸ್ತಕ ಒಂದು 150 ಗ್ರಾಂ ಆಸುಪಾಸು ತೂಗತ್ತೆ, 100 ಪ್ರತಿ ಅಂದ್ರೆ 15 ಕೆಜಿ, ಬಸ್ಸಲ್ಲಿ ಹೋಗೋರು ಇದನ್ನ ಲೆಕ್ಕ ಇಟ್ಕೊಳ್ಳಿ. 40, 50 ಪ್ರತಿ ಸಾಕು ಬಹಳ ಕಡೆಗೆ. ರಟ್ಟಿನ ಡಬ್ಬ ಒಂದೇ ದೊಡ್ಡದು ಮಾಡೋದಕ್ಕಿಂತ ಸಣ್ಣ ಎರಡು ಮಾಡಿ, ಒಳಗೆ ಪ್ಲಾಸ್ಟಿಕ್ ಸುತ್ತಿ. ಪುಸ್ತಕ ಮಲಗಿಸಿ ಇಡಿ, ನಿಲ್ಲಿಸಿ ಇಟ್ರೆ ಬಸ್ಸಿನ ಕುಲುಕಾಟಕ್ಕೆ ಮೂಲೆ ಮಡಚತ್ತೆ.

ಟೇಬಲ್ ಮೇಲೆ ಹಾಸೋಕೆ ಒಂದೇ ಬಣ್ಣದ ಬಟ್ಟೆ, ನಾನು ಮನೇಲಿದ್ದ ಕೆಂಪು ಅಂಚಿನ ಬಿಳಿ ಪಂಚೆ ಹಾಸ್ತೀನಿ. ಪುಸ್ತಕ ನಿಲ್ಲಿಸೋಕೆ ಎರಡು ಸ್ಟ್ಯಾಂಡ್, ಇಲ್ಲಾಂದ್ರೆ ದೇವರ ಫೋಟೋ ಇಡೋ ಮರದ ಸ್ಟ್ಯಾಂಡ್ ಸಿಗತ್ತಲ್ಲ ಅದು ಸಾಕು. ಬೆಲೆ ಬರೆದ ಬೋರ್ಡ್ ಒಂದು ದೊಡ್ಡ ಅಕ್ಷರದಲ್ಲಿ, ಬೆಲೆ ಕೇಳೋಕೆ ಸಂಕೋಚ ಪಟ್ಟು ಹೋಗ್ಬಿಡೋರು ಬಹಳ ಜನ. ಎರಡು ಪೆನ್ನು, ರಸೀದಿ ಪುಸ್ತಕ (ಶಾಲೆಯೋರು ಲೈಬ್ರರಿಗೆ ತಗೊಂಡ್ರೆ ಬಿಲ್ ಕೇಳೇ ಕೇಳ್ತಾರೆ), ಪುಸ್ತಕದ ಮೇಲೆ ಇಡೋಕೆ ಭಾರದ ವಸ್ತು, ಗಾಳಿಗೆ ಮುಖಪುಟ ಎಲ್ಲ ಮೇಲೆ ಏಳತ್ತೆ, ನೀರಿನ ಬಾಟ್ಲಿ, ಮತ್ತೆ 50 ಹಾಗೂ 10 ರೂಪಾಯಿ ನೋಟು ಸೇರಿ 500 ರೂಪಾಯಿ ಚಿಲ್ಲರೆ.

ಯುಪಿಐ ಕ್ಯೂಆರ್ ಕೋಡ್ ಲ್ಯಾಮಿನೇಟ್ ಮಾಡಿಸಿ ಎರಡು ಕಡೆ ಇಡಿ. ಆದ್ರೆ ಜನ ಜಾಸ್ತಿ ಸೇರಿದ ಕಡೆ ನೆಟ್‌ವರ್ಕ್ ಕೈ ಕೊಡತ್ತೆ, ದುಡ್ಡು ಹೋಗಿದೆ ಅಂತ ಅವರ ಫೋನಲ್ಲಿ, ಬಂದಿಲ್ಲ ಅಂತ ನಮ್ಮ ಫೋನಲ್ಲಿ. ಅಂಥ ಟೈಮಲ್ಲಿ ನಾನು ಪುಸ್ತಕ ಕೊಟ್ಟು ಕಳಿಸ್ತೀನಿ, ಅವರ ಹೆಸರು ನಂಬರ್ ಬರ್ಕೋತೀನಿ, ಒಬ್ರೂ ಇದುವರೆಗೆ ಮೋಸ ಮಾಡಿಲ್ಲ, ಸಂಜೆ ಅವ್ರೇ ಫೋನ್ ಮಾಡಿ ಬಂತಾ ಅಂತ ಕೇಳಿದಾರೆ. ಪುಸ್ತಕ ಓದೋರನ್ನ ನಂಬಬಹುದು.

ಜಿಎಸ್‌ಟಿ ಬಗ್ಗೆ ಹೆದರೋರು ಇದಾರೆ. ಮುದ್ರಿತ ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ, ಬರೀ ಪುಸ್ತಕ ಮಾರೋರಿಗೆ ಅದರ ರಿಜಿಸ್ಟ್ರೇಷನ್ನೂ ಬೇಕಾಗಲ್ಲ. ಪ್ರೆಸ್ಸಿನ ಬಿಲ್ಲಲ್ಲಿ ಟ್ಯಾಕ್ಸ್ ಇರತ್ತೆ, ಅದು ನಮ್ಮ ಖರ್ಚಿಗೆ ಸೇರ್ಕೊಳತ್ತೆ ಅಷ್ಟೇ.

ಟೇಬಲ್ ಹಿಂದೆ ನಿಂತಾಗ

ಮೊದಲನೇದು, ನಿಲ್ಲಿ. ಕುರ್ಚಿ ಇದ್ರೂ ಜನ ಬರೋ ಹೊತ್ತಲ್ಲಿ ಕೂರಬೇಡಿ, ಫೋನ್ ನೋಡ್ಬೇಡಿ. ಕೂತು ಫೋನ್ ನೋಡ್ತಾ ಇರೋರ ಟೇಬಲ್ಲಿಗೆ ಯಾರೂ ಬರಲ್ಲ, ನಾನೂ ಹೋಗಲ್ಲ.

ಎರಡನೇದು, ಬನ್ನಿ ಬನ್ನಿ ಪುಸ್ತಕ ತಗೊಳ್ಳಿ ಅಂತ ಕರೀಬೇಡಿ. ಸುಮ್ನೆ ನಮಸ್ಕಾರ ಅನ್ನಿ, ಅವರು ಪುಸ್ತಕ ನೋಡೋಕೆ ಶುರು ಮಾಡಿದ್ರೆ ಒಂದು ಪುಸ್ತಕ ಎತ್ತಿ, ಒಳ್ಳೇ ಪುಟ ತೆರೆದು ಅವರ ಕೈಗೆ ಕೊಡಿ. ಮುಚ್ಚಿದ ಪುಸ್ತಕ ಕೊಡೋದಲ್ಲ, ತೆರೆದ ಪುಟ. ಯಾವ ಪುಟ ಅಂತ ಮೊದಲೇ ಗೊತ್ತು ಮಾಡ್ಕೊಂಡು ಅಲ್ಲೊಂದು ಚೀಟಿ ಇಟ್ಟಿರಿ. ಕೊಟ್ಟ ಮೇಲೆ ಬಾಯಿ ಮುಚ್ಕೊಂಡು ಇರಿ, ಇದು ತುಂಬ ಕಷ್ಟದ ಕೆಲಸ, ಬರೆದೋರಿಗೆ ವಿವರಿಸ್ಬೇಕು ಅಂತ ಆಸೆ ಇರತ್ತೆ, ಆದ್ರೆ ಅವರು ಓದ್ತಾ ಇದಾರೆ, ಓದೋಕೆ ಬಿಡಿ. ಅರ್ಧ ಪುಟ ಓದಿದ್ರೆ ಬಹಳ ಜನ ತಗೋತಾರೆ, ಓದಿ ಇಟ್ಟು ಹೋದ್ರೆ ಅದು ಅವರ ಪುಸ್ತಕ ಅಲ್ಲ, ಬೇಜಾರು ಮಾಡ್ಕೋಬೇಡಿ.

ಒಂದು ಹಲಸಿನ ಮೇಳದಲ್ಲಿ ಆಗಿದ್ದು ಹೇಳ್ತೀನಿ. ಎಪ್ಪತ್ತು ವರ್ಷ ಇರಬಹುದು ಒಬ್ಬ ಅಮ್ಮ, ಕೈಯಲ್ಲಿ ಹಪ್ಪಳದ ಕಟ್ಟು ಹಿಡ್ಕೊಂಡು ಬಂದು ನಿಂತ್ರು. ನಾನು ಒಂದೆಲಗ ಸೊಪ್ಪಿನ ತಂಬುಳಿ ಪುಟ ತೆರೆದು ಕೊಟ್ಟೆ. ಹಪ್ಪಳದ ಕಟ್ಟನ್ನ ಟೇಬಲ್ ಮೇಲೆ ಇಟ್ಟು, ಕನ್ನಡಕ ಮೂಗಿನ ಮೇಲೆ ಇಳಿಸ್ಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದ್ರು, ತುಟಿ ಅಲ್ಲಾಡ್ತಾ ಇತ್ತು. ನಾನು ಅದರಲ್ಲಿ ಒಂದೆಲಗಾನ ತುಪ್ಪದಲ್ಲಿ ಬಾಡಿಸಿ, ಜೀರಿಗೆ ಕಾಳುಮೆಣಸಿನ ಜೊತೆ ಕಾಯಿತುರಿ ಹಾಕಿ ರುಬ್ಬಿ ಮಜ್ಜಿಗೆ ಸೇರಿಸೋದು ಅಂತ ಬರೆದಿದ್ದೆ. ಅವರು ಆ ಸಾಲಿನ ಮೇಲೇ ಬೆರಳು ಇಟ್ಕೊಂಡು ತಲೆ ಎತ್ತಿ "ತಮಾ, ಒಂದೆಲಗ ಬಾಡಿಸ್ಲಾಗ, ಹಸೀದೇ ರುಬ್ಬವು, ಬೇರು ಸಮೇತ" ಅಂದ್ರು, ಅಂದ್ರೆ ಬಾಡಿಸಬಾರದು, ಹಸೀದೇ ರುಬ್ಬಬೇಕು ಅಂತ. ನಮ್ಮನೇಲಿ ಬಾಡಿಸ್ತಾರೆ ಅಂದೆ, ಯಾವ ಊರು ಅಂತ ಕೇಳಿದ್ರು, ಹೇಳಿದೆ, ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಇನ್ನಿಬ್ರು ಹೆಂಗಸರು ಮಾತಿಗೆ ಸೇರ್ಕೊಂಡ್ರು, ಒಬ್ರು ಬಾಡಿಸೋದು, ಒಬ್ರು ಹಸೀದು, ಹತ್ತು ನಿಮಿಷ ಟೇಬಲ್ ಸುತ್ತ ಅದೇ ಮಾತು. ನಾನು ನೋಟ್‌ಬುಕ್ ತೆಗೆದು ಎಲ್ಲ ಬರ್ಕೊಂಡೆ. ಆ ಅಮ್ಮ ಮೂರು ಪ್ರತಿ ತಗೊಂಡ್ರು, ಬೆಂಗಳೂರಲ್ಲಿರೋ ಇಬ್ರು ಸೊಸೇರಿಗೆ ಒಂದೊಂದು, ಮಗಳಿಗೆ ಒಂದು. ತಮಗೆ ತಗೊಳ್ಳಲಿಲ್ಲ, ತಮಗೆ ಎಲ್ಲ ಗೊತ್ತಲ್ಲ.

ಇದರಿಂದ ನಾನು ಕಲಿತಿದ್ದು ಏನಂದ್ರೆ, ಟೇಬಲ್ ಹತ್ರ ಬಂದೋರು ಪುಸ್ತಕದಲ್ಲಿ ತಪ್ಪು ತೋರಿಸಿದ್ರೆ ವಾದ ಮಾಡ್ಬೇಡಿ, ಬರ್ಕೊಳ್ಳಿ. ಅವರ ಎದುರಿಗೇ ಬರ್ಕೊಳ್ಳಿ. ಅವರಿಗೆ ಆ ಪುಸ್ತಕದಲ್ಲಿ ತಮ್ಮದೂ ಒಂದು ಪಾಲು ಇದೆ ಅನ್ಸತ್ತೆ, ನಿಜವಾಗ್ಲೂ ಇರತ್ತೆ.

ನಾಟಕದ ಹೊರಗೆ ಕಥೆ ಪುಸ್ತಕ ಇಡುವಾಗ ರೀತಿ ಬೇರೆ. ನಾಟಕಕ್ಕೆ ಮುಂಚೆ ಅರ್ಧ ಗಂಟೆ ಜನ ಕಾಯ್ತಾ ಇರ್ತಾರೆ, ಆಗ ಓದ್ತಾರೆ, ಆದ್ರೆ ತಗೊಳ್ಳೋದು ನಾಟಕ ಮುಗಿದ ಮೇಲೆ. ಹಾಗಾಗಿ ನಾಟಕ ಮುಗಿಯೋ ಮುಂಚೆ ಡಬ್ಬ ಕಟ್ಟಿ ಹೊರಡಬೇಡಿ, ಕೊನೇ ಹತ್ತು ನಿಮಿಷ ಅಲ್ಲೇ ನಿಲ್ಲಿ. ಅಕ್ಟೋಬರ್‌ನಲ್ಲಿ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರದ ದಿನಗಳಲ್ಲಿ ನಾನು ಹೋಗ್ತಿರ್ತೀನಿ, ಅಲ್ಲಿ ಚಾ ಕುಡೀತಾ ನಿಂತ ಜನ ಪುಸ್ತಕದ ಬಗ್ಗೆ ಮಾತಾಡೋ ರೀತಿ ನೋಡಿದ್ರೆ ಓದುಗರು ಹೇಗೆ ಆರಿಸ್ತಾರೆ ಅಂತ ಅರ್ಥ ಆಗತ್ತೆ, ಮಾರೋಕೆ ಅಲ್ದಿದ್ರೂ ಅದನ್ನ ಕೇಳೋಕಾದ್ರೂ ಹೋಗಿ.

ಸಹಿ ಹಾಕುವಾಗ ಹೆಸರು ಕೇಳಿ, ಒಂದು ಚೀಟೀಲಿ ಅವರ ಕೈಯಲ್ಲೇ ಬರೆಸಿ, ಆಮೇಲೆ ಪುಸ್ತಕದಲ್ಲಿ ಬರೀರಿ. ಶ್ರೀಲತಾ, ಶ್ರೀಲತ, ಎಲ್ಲ ಬೇರೆ ಬೇರೆ ಹೆಸರು ಅವರವರಿಗೆ. ಮಕ್ಕಳಿಗೆ ಅಂತ ತಗೊಂಡ್ರೆ ಮಗುವಿನ ಹೆಸರಿಗೇ ಬರೆದು ಕೊಡಿ, ಊರು ದಿನಾಂಕ ಹಾಕಿ.

ರಿಯಾಯಿತಿ, ಗೌರವ ಪ್ರತಿ

ಸಮ್ಮೇಳನ ಮೇಳಗಳಲ್ಲಿ 10 ಪರ್ಸೆಂಟ್ ಬಿಡೋದು ರೂಢಿ, ಕೇಳೋ ಮುಂಚೆನೇ ಬೋರ್ಡಲ್ಲಿ ಬರೆದುಬಿಡಿ, 150ರದ್ದು ಇಲ್ಲಿ 135. ಅದಕ್ಕಿಂತ ಕೆಳಗೆ ಇಳೀಬೇಡಿ, ಸಂಜೆ ಆಯ್ತು ಡಬ್ಬ ಭಾರ ಅಂತ 100ಕ್ಕೆ ಕೊಟ್ರೆ ಬೆಳಿಗ್ಗೆ 135 ಕೊಟ್ಟೋರಿಗೆ ಅನ್ಯಾಯ. ವಿದ್ಯಾರ್ಥಿಗಳಿಗೆ ಮಾತ್ರ ನಾನು 100ಕ್ಕೆ ಕೊಡ್ತೀನಿ, ಅದನ್ನೂ ಬೋರ್ಡಲ್ಲೇ ಬರೆದಿದೀನಿ.

ಗೌರವ ಪ್ರತಿ ಕೇಳೋರು ಬರ್ತಾರೆ, ಪ್ರತೀ ಕಾರ್ಯಕ್ರಮದಲ್ಲೂ. ನಮಗೊಂದು ಕೊಡಿ, ಓದಿ ಅಭಿಪ್ರಾಯ ಹೇಳ್ತೀವಿ ಅಂತ. ಇದರಲ್ಲಿ ಗಟ್ಟಿಯಾಗಿರಬೇಕು. ಒಂದು ಕಾರ್ಯಕ್ರಮಕ್ಕೆ ಒಂದು ಪ್ರತಿ ಆಯೋಜಕರಿಗೆ, ಒಂದು ಆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ, ಇದಿಷ್ಟು ನಾನು ಕೊಡೋದು. ಉಳಿದೋರಿಗೆ "ಸರ್, ಸ್ವಂತ ಖರ್ಚಲ್ಲಿ ಮಾಡಿಸಿದ್ದು, ತಗೊಂಡ್ರೆ ಮುಂದಿನ ಪುಸ್ತಕ ಮಾಡೋಕೆ ಆಗತ್ತೆ" ಅಂತ ನಗ್ತಾ ಹೇಳಿದ್ರೆ ಬಹುಪಾಲು ಜನ ಅರ್ಥ ಮಾಡ್ಕೊಂಡು ತಗೋತಾರೆ. ಮುಖ ನೋಡಿ ಕೊಡ್ತಾ ಹೋದ್ರೆ ಒಂದೇ ವರ್ಷದಲ್ಲಿ 80 ಪ್ರತಿ ಹೋಗಿರತ್ತೆ, ನನಗೆ ಮೊದಲನೇ ಪುಸ್ತಕಕ್ಕೆ ಹಾಗೇ ಆಗಿದ್ದು.

ಲೆಕ್ಕ

ಬಸ್ಸಲ್ಲಿ ವಾಪಸ್ ಬರುವಾಗಲೇ ಬರೆದುಬಿಡಿ, ಮನೆಗೆ ಬಂದ್ರೆ ನಾಳೆ ಅನ್ಸತ್ತೆ. ನನ್ನ ನೋಟ್‌ಬುಕ್ಕಿಂದ ಎರಡು ದಿನದ ಲೆಕ್ಕ ಕೊಡ್ತೀನಿ.

ಒಂದು ದೊಡ್ಡ ಮೇಳ, 40 ಪ್ರತಿ ಹೋಯ್ತು, 135ರಂತೆ 5400. ಅದರಲ್ಲಿ ಪ್ರಿಂಟ್ ಖರ್ಚು 64ರಂತೆ 2560, ಮಳಿಗೆ ಬಾಡಿಗೇಲಿ ನನ್ನ ಪಾಲು 1500, ಬಸ್ಸು ಊಟ 600. ಉಳಿದಿದ್ದು 740. ಇನ್ನೊಂದು, ಪಕ್ಕದ ತಾಲೂಕಿನ ಸಮ್ಮೇಳನ, ಬಾಡಿಗೆ ಇಲ್ಲ, 18 ಪ್ರತಿ ಹೋಯ್ತು, 2430. ಪ್ರಿಂಟ್ 1152, ಪೆಟ್ರೋಲ್ ಚಾ 200. ಉಳಿದಿದ್ದು 1078. ದೊಡ್ಡ ಮೇಳದಲ್ಲಿ 40 ಜನ ಹೊಸ ಓದುಗರು ಸಿಕ್ಕಿದ್ರು, ಅದಕ್ಕೆ ಬೆಲೆ ಕಟ್ಟೋಕಾಗಲ್ಲ, ಆದ್ರೆ ದುಡ್ಡಿನ ಮಟ್ಟಿಗೆ ಹತ್ತಿರದ ಸಣ್ಣ ಕಾರ್ಯಕ್ರಮಾನೇ ಕೈ ಹಿಡಿಯೋದು. ವರ್ಷಕ್ಕೆ ದೊಡ್ಡದು ಒಂದು ಅಥವಾ ಎರಡು, ಸಣ್ಣವು ಹತ್ತು, ಹೀಗೆ ನಾನು ಹಂಚ್ಕೊಂಡಿದೀನಿ.

ಅಂಗಡಿಗೆ ಕೊಡೋದನ್ನೂ ಇದರ ಜೊತೆ ಇಟ್ಟು ನೋಡಿ. 40 ಪರ್ಸೆಂಟ್ ಕಮಿಷನ್ ಅಂದ್ರೆ 150ರಲ್ಲಿ 60 ಅವರಿಗೆ, 90 ನಮಗೆ, ಪ್ರಿಂಟ್ ಖರ್ಚು ಕಳೆದ್ರೆ ಕೈಗೆ 26. ಅಂಗಡಿಯೋರಿಗೂ ಬಾಡಿಗೆ ಸಂಬಳ ಇರತ್ತೆ, ಅದು ತಪ್ಪಲ್ಲ, ನಾವು ಹೋಗೋಕಾಗದ ಊರಿನ ಓದುಗರಿಗೆ ಅವ್ರೇ ತಲುಪಿಸೋದು. ಆದ್ರೆ ಮಾರಾಟ ಆದ್ಮೇಲೆ ದುಡ್ಡು ಅಂತ ಕೊಡುವಾಗ ಎಷ್ಟು ಪ್ರತಿ, ಯಾವ ದಿನ, ಎಷ್ಟು ತಿಂಗಳಿಗೆ ಲೆಕ್ಕ ಅಂತ ಬರೆಸಿ ಸಹಿ ತಗೊಳ್ಳಿ. ನಾನು ಒಂದು ಕಡೆ ಬಾಯಿಮಾತಲ್ಲಿ 50 ಪ್ರತಿ ಕೊಟ್ಟೆ, ಎರಡು ವರ್ಷ ಆಯ್ತು, ದುಡ್ಡೂ ಇಲ್ಲ ಪುಸ್ತಕಾನೂ ಇಲ್ಲ. ಮೊದಲ ಸಲ ಹತ್ತೇ ಪ್ರತಿ ಕೊಡಿ, ಅದರ ದುಡ್ಡು ಬಂದ್ಮೇಲೆ ಮುಂದಿನ ಹತ್ತು.

ಮಾರನೇ ದಿನ

ಕಾರ್ಯಕ್ರಮ ಮುಗಿದ ಮಾರನೇ ದಿನಾನೇ ಆಯೋಜಕರಿಗೆ ಥ್ಯಾಂಕ್ಸ್ ಹೇಳಿ ಒಂದು ಮೆಸೇಜ್ ಹಾಕಿ, ಎಷ್ಟು ಪ್ರತಿ ಹೋಯ್ತು ಅಂತಾನೂ ಹೇಳಿ, ಅವರಿಗೆ ಅದು ಖುಷಿ ಕೊಡತ್ತೆ, ಮುಂದಿನ ವರ್ಷ ಅವ್ರೇ ಕರೀತಾರೆ. ನಂಬರ್ ಕೊಟ್ಟ ಓದುಗರನ್ನ ಕೇಳದೇ ಗ್ರೂಪಿಗೆ ಸೇರಿಸಬೇಡಿ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಹೊಸ ಪುಸ್ತಕ ಬಂದಾಗ ಅಥವಾ ಅವರ ಊರಿನ ಕಡೆ ಬರುವಾಗ ಮಾತ್ರ ಒಂದು ಮೆಸೇಜ್ ಕಳಿಸಿ. ದಿನಾ ಶುಭೋದಯ ಹಾಕಿದ್ರೆ ಬ್ಲಾಕ್ ಮಾಡ್ತಾರೆ.

ಒಂದಷ್ಟು ಜನ ವಾರ ಆದ್ಮೇಲೆ ಫೋನ್ ಮಾಡಿ ಇನ್ನೊಂದು ಕಳಿಸಿ ಅಂತಾರೆ. ಅದಕ್ಕೆ ಅಂಚೆ ಸಾಕು. ಮೊದಲಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಾಗ ನಮ್ಮಂಥೋರಿಗೆ ದೊಡ್ಡ ಹೊಡೆತ ಆಗಿತ್ತು, ಈಗ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಶುರುವಾಗಿದೆ, 300 ಗ್ರಾಂ ತನಕದ್ದಕ್ಕೆ 20 ರೂಪಾಯಿಯಿಂದ ಶುರು, 5 ಕೆಜಿ ತನಕ ಕಳಿಸಬಹುದು, ಟ್ರ್ಯಾಕ್ ಮಾಡಬಹುದು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು, ಸ್ವಂತ ಪ್ರಕಟಣೆ ಆದ್ರೂ ಅದನ್ನ ಮರೀಬೇಡಿ. ಮೂಲೆ ಮಡಚದ ಹಾಗೆ ಎರಡು ಕಡೆ ರಟ್ಟು ಇಟ್ಟು ಕಟ್ಟಿ.

ಉಳಿದ ಪುಸ್ತಕಾನ ಡಬ್ಬದಿಂದ ಹೊರಗೆ ತೆಗೆದು ಒಂದು ದಿನ ಗಾಳಿಗೆ ಇಡಿ, ಮಲೆನಾಡಲ್ಲಿ ಇರೋರಿಗೆ ಇದು ಬೇಕೇ ಬೇಕು, ಮಳೆಗಾಲದಲ್ಲಿ ಡಬ್ಬ ನೆಲಕ್ಕೆ ತಾಗಿಸಿ ಇಟ್ರೆ ಕೆಳಗಿನ ಸಾಲಿಗೆ ಬೂಸಲು ಬರತ್ತೆ. ಹಲಗೆ ಮೇಲೆ ಇಡಿ, ಗೋಡೆಯಿಂದ ಒಂದು ಗೇಣು ಬಿಟ್ಟು.

ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದನ್ನೂ ಆವತ್ತೇ ಫೈಲಿಗೆ ಸೇರಿಸ್ಬಿಡಿ. ತಂಬುಳಿ ಪುಸ್ತಕದ 500 ಪ್ರತೀಲಿ ಈಗ 30 ಚಿಲ್ಲರೆ ಉಳಿದಿದೆ, ಎರಡನೇ ಮುದ್ರಣ 300 ಹಾಕಿಸ್ತಾ ಇದೀನಿ. ಟೇಬಲ್ ಹತ್ರ ಜನ ಹೇಳಿದ್ದು ಸೇರಿಸಿದ್ರೆ ಹೊಸದಾಗಿ 14 ಪುಟ ಆಯ್ತು, ಇನ್ನೆರಡು ಪುಟ ಆದ್ರೆ ಒಂದು ಫಾರಂ ತುಂಬತ್ತೆ, ಆ ಎರಡನ್ನ ಓದುಗರು ಬರ್ಕೊಳ್ಳಲಿ ಅಂತ ಖಾಲಿ ಬಿಡ್ತಿದೀನಿ. ಒಂದೆಲಗದ ಪುಟದಲ್ಲಿ ಈಗ ಎರಡು ರೀತಿ ಇದೆ, ಬಾಡಿಸಿ ಮಾಡೋದು ಒಂದು, ಹಸೀದು ಬೇರು ಸಮೇತ ರುಬ್ಬೋದು ಇನ್ನೊಂದು.